ಬೆರಳಿನಿಂದ ತಿರುಗಿದ ಜಾಝ್ ಪ್ಲೇಟು

ಗ್ರಾಮಫೋನಿನ ಸ್ಪ್ರಿಂಗ್ ಫಟ್ಟೆಂದು ಕಡಿದು, ನನ್ನ ಜಾಝ್ ಪ್ಲೇಟು ಅರ್ಧಕ್ಕೇ ನಿಂತಿತು. ನಲವತ್ತರ ದಶಕದ ರಾಯಚೂರಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಪ್ಲೇಟು ಕೇಳಲು ಸೇರುತ್ತಿದ್ದ ನಮ್ಮ ಕೂಟದಲ್ಲಿ, ಎಲ್ಲರೂ ಒಪ್ಪಿದ ಪ್ಲೇಟು ಮಾತ್ರ ಕೂಟದ ಪೆಟ್ಟಿಗೆ ಸೇರುತ್ತಿತ್ತು. ರೈಲ್ವೆ ಗಾರ್ಡ್ ಗೆಳೆಯ ಕೊಟ್ಟಿದ್ದ ಈ ತುತ್ತೂರಿಯ ಪ್ಲೇಟನ್ನು ಅಲ್ಲಿ ಸೇರಿಸಲೇಬೇಕೆಂದು ನನ್ನ ಹಟ. ಮಾನ್ವಿಯ ಅಕ್ಕಿ ಗಿರಣಿಯ ಶರಣಪ್ಪನವರು ಮಾತ್ರ ಒಪ್ಪಿರಲಿಲ್ಲ.

“ಇದೇನ್ ಹಾಡೇನ್ರೀ ಮಾಸ್ತರ? ಮದುವಿ ಬ್ಯಾಂಡಿನವ್ರು ಜಗಳಾಡಿದಂಗ ಅದ!” ಎಂದು ಹಿಂದಿನ ವಾರವೇ ನಕ್ಕಿದ್ದರು.

ಸೋತೆನೆಂದುಕೊಂಡು ಪ್ಲೇಟಿನ ಮೇಲಿನ ಗ್ರಾಮಫೋನಿನ ಮುಳ್ಳು ಎತ್ತಲು ಹೋದೆ. ಶರಣಪ್ಪನವರು ಥಟ್ಟನೆ ನನ್ನ ಕೈ ಹಿಡಿದರು.

“ತಡೀರಿ! ತುತ್ತೂರಿಯವ ಮ್ಯಾಲೆ ಏರಾಕತ್ತಾನ. ಅವನ್ನ ಅಲ್ಲೇ ಹೆಂಗ ಬಿಡೂದು?”

ಹಾಗೆಂದವರೇ ಪ್ಲೇಟಿನ ಮೇಲೆ ತೋರುಬೆರಳಿಟ್ಟು ತಿರುಗಿಸತೊಡಗಿದರು. ಬೆರಳು ನಿಧಾನಿಸಿದರೆ ತುತ್ತೂರಿ ಎಮ್ಮೆಯಂತೆ ಒದರುತ್ತಿತ್ತು, ಅವಸರಿಸಿದರೆ ಪೀಪಿಯಂತೆ ಕಿರುಚುತ್ತಿತ್ತು. ಕೂಟದಲ್ಲಿದ್ದ ದೇವದುರ್ಗದ ವಕೀಲರೊಬ್ಬರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಶರಣಪ್ಪನವರು ಮಾತ್ರ ನಗದೆ, ಕೊನೆಯವರೆಗೂ ತಿರುಗಿಸಿಯೇ ಬೆರಳು ತೆಗೆದರು.

“ಪೆಟಗ್ಯಾಗ ಇಡ್ರಿ. ಸ್ಪ್ರಿಂಗ್ ರಿಪೇರಿ ಆದ್ಮ್ಯಾಲೆ ಮೊದಲ ಇದನ್ನ ಹಚ್ಚಬೇಕು ಮತ್ತ!”

ಅಂದಿನಿಂದ ಯಾವ ಪ್ಲೇಟಿನ ಪರವಾಗಿಯೂ ನಾನು ವಾದ ಹೂಡಲಿಲ್ಲ. ಮುಳ್ಳು ಇಳಿಸಿ, ಕೇಳುವವರ ಮುಖ ನೋಡುತ್ತ ಸುಮ್ಮನೆ ಕೂರುವುದನ್ನು ಕಲಿತೆ.