ಜಯಕರ ಬಾವನ ಲೋಟ

ಇಂಥ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಯಾರಾದರೂ ದನಿ ತಗ್ಗಿಸಿ, "ನಂಗೆ ಒಮ್ಮೆ ಎಂತ ಆಯ್ತು ಗೊತ್ತುಂಟಾ" ಎಂದು ಶುರು ಮಾಡಿದರೆ, ಇವರಿಗೆ ಹಿಂದಿನ ದಿನ ಜ್ವರವಿತ್ತೋ ಏನೋ ಎಂದು ಯೋಚಿಸುತ್ತಿದ್ದವಳು ನಾನು. ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ದಿನವಿಡೀ ಜನರ ರಕ್ತ ಪರೀಕ್ಷೆ ಮಾಡಿ ವರದಿ ಕೊಡುವುದು ನನ್ನ ಉದ್ಯೋಗ. ಕೊಳವೆಯಲ್ಲಿ ಇದ್ದದ್ದು ಇದೆ, ಇಲ್ಲದ್ದು ಇಲ್ಲ. ಹೀಗೆ ಎರಡೇ ಉತ್ತರಗಳ ನಡುವೆ ಅರ್ಧ ಆಯುಷ್ಯ ಕಳೆದವಳಿಗೆ ಮೂರನೆಯದೊಂದು ಇರಬಹುದೆಂಬ ಕಲ್ಪನೆಯೇ ಇರಲಿಲ್ಲ. ಆದ್ದರಿಂದ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮದು ಪ್ರೆಸ್ಬಿಟೇರಿಯನ್ ಸಭೆ. ಕಾಪು ಪೇಟೆಯಿಂದ ಸ್ವಲ್ಪ ಒಳಗೆ ನಮ್ಮದೊಂದು ಹಂಚಿನ ಮಾಡಿನ ಸಣ್ಣ ದೇವಾಲಯವಿದೆ. ಊರಿನ ಬಹಳ ಜನರಿಗೆ ಕ್ರೈಸ್ತರೆಂದರೆ ಕಲ್ಯಾಣಪುರದ ಕಡೆಯ ಕೊಂಕಣಿ ಮಾತಾಡುವವರು. ನಾವು ಮನೆಯಲ್ಲಿ ತುಳು ಮಾತಾಡಿ ದೇವಾಲಯದಲ್ಲಿ ಕನ್ನಡದಲ್ಲಿ ಹಾಡುವವರು ಎಂದರೆ, "ಹಾಗೂ ಉಂಟಾ?" ಎಂದು ಹುಬ್ಬೇರಿಸುತ್ತಾರೆ. ನಮಗೆ ಬಿಷಪರಿಲ್ಲ. ಸಭೆಯವರೇ ಆರಿಸಿದ ಹಿರಿಯರು ಮತ್ತು ಅಯ್ಯನವರು ಎಂದು ನಾವು ಕರೆಯುವ ಪಾಸ್ಟರು, ಇಷ್ಟು ಜನ ಕೂಡಿ ಎಲ್ಲವನ್ನೂ ನಡೆಸುತ್ತಾರೆ.

ಯೇಸು ಶಿಷ್ಯರೊಡನೆ ಮಾಡಿದ ಕೊನೆಯ ಊಟದ ನೆನಪಿಗೆ ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಕರ್ತನ ಭೋಜನವಿರುತ್ತದೆ. ಅಂದು ಹೆಂಗಸರು ಬಿಳಿ ಸೀರೆ ಉಟ್ಟು ಬರುವುದು ರೂಢಿ. ನಾವು ಯಾರೂ ಎದ್ದು ಮುಂದೆ ಹೋಗುವುದಿಲ್ಲ. ಹಿರಿಯರೇ ರೊಟ್ಟಿಯ ತಟ್ಟೆಯನ್ನೂ ದ್ರಾಕ್ಷಾರಸದ ತಟ್ಟೆಯನ್ನೂ ಬೆಂಚಿನಿಂದ ಬೆಂಚಿಗೆ ದಾಟಿಸುತ್ತಾರೆ. ದ್ರಾಕ್ಷಾರಸವೆಂದರೆ ಕಪ್ಪು ದ್ರಾಕ್ಷಿಯನ್ನು ಸಕ್ಕರೆಯೊಂದಿಗೆ ಕುದಿಸಿ ಸೋಸಿದ ರಸ. ಅದನ್ನು ಹೆಬ್ಬೆರಳಿನಷ್ಟು ಎತ್ತರದ ಗಾಜಿನ ಲೋಟಗಳಲ್ಲಿ ತುಂಬಿರುತ್ತಾರೆ. ಎಲ್ಲರಿಗೂ ಸಿಕ್ಕಿದ ಮೇಲೆ ಅಯ್ಯನವರು ಹೇಳಿದಾಗ ಒಟ್ಟಿಗೆ ಕುಡಿದು, ಖಾಲಿ ಲೋಟವನ್ನು ಎದುರಿನ ಬೆಂಚಿನ ಬೆನ್ನಿಗೆ ಕೊರೆದ ತೂತಿನಲ್ಲಿ ಇಡುತ್ತೇವೆ.

ಇದರ ಜೊತೆಗೆ ನಮ್ಮ ಸಭೆಯದ್ದೇ ಆದ ಒಂದು ಪದ್ಧತಿಯಿದೆ. ಬೇರೆ ಎಲ್ಲಿಯೂ ನಾನು ಕಂಡಿಲ್ಲ. ಮನೆಯ ಗಂಡಸರು ಹಡಗಿನ ಕೆಲಸಕ್ಕೋ ಗಲ್ಫಿಗೋ ಹೋಗಿದ್ದರೆ ಹೆಂಡತಿಯೋ ತಾಯಿಯೋ ತಟ್ಟೆಯಿಂದ ಇನ್ನೊಂದು ಲೋಟ ತೆಗೆದುಕೊಳ್ಳುತ್ತಾರೆ. ಅದು ದೂರದವರ ಲೋಟ. ತಮ್ಮದನ್ನು ಕುಡಿದ ಬಳಿಕ ಪ್ರಾರ್ಥನೆ ಮುಗಿಯುವವರೆಗೆ ಅದನ್ನು ಕೈಯಲ್ಲಿ ಹಿಡಿದು ಕೂರಬೇಕು, ಕುಡಿಯಬಾರದು. ಆಮೇಲೆ ದೇವಾಲಯದ ಹಿತ್ತಿಲಿನ ಮಲ್ಲಿಗೆ ಬುಡಕ್ಕೆ ಸುರಿಯಬೇಕು. ಹೊಸದಾಗಿ ಬಂದ ಅಯ್ಯನವರೊಬ್ಬರು, ಇದು ಯಾವ ನಿಯಮದಲ್ಲೂ ಇಲ್ಲ ಎಂದು ನಿಲ್ಲಿಸಲು ನೋಡಿದರು. ಮರುವಾರ ಆರಾಧನೆಯಲ್ಲಿ ಹೆಂಗಸರ ಕಡೆಯಿಂದ ಹಾಡಿನ ಒಂದು ದನಿಯೂ ಏಳಲಿಲ್ಲ. ಪಾಪ, ಗಂಡಸರ ಒರಟು ಸ್ವರದಲ್ಲಿ ಮೂರು ಗೀತೆ ಮುಗಿಸಿದ ಮೇಲೆ ಅವರೂ ಸುಮ್ಮನಾದರು. ದೂರ ಹೋದವರು ಸತ್ತದ್ದು ಗೊತ್ತಾಗಿ ಸ್ಮರಣಾ ಆರಾಧನೆ ನಡೆದರೆ ಮಾತ್ರ ಲೋಟ ನಿಲ್ಲುತ್ತದೆ.

ನನ್ನ ಅಕ್ಕ ಶಾಂತಿಯ ಗಂಡ ಜಯಕರ ಬಾವ ಗಲ್ಫಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಟಗ್ ಬೋಟಿನ ಮೇಲೆ ಕೆಲಸಕ್ಕಿದ್ದರು. ನಗಿಸುವ ಮನುಷ್ಯ. ರಜೆಯಲ್ಲಿ ಬಂದರೆ ನನ್ನನ್ನು "ಡಾಕ್ಟ್ರಮ್ಮ" ಎಂದು ಕರೆದು ಕೈ ಚಾಚಿ, "ರಕ್ತ ತೆಗಿ ಮಾರಾಯ್ತಿ, ಅದರಲ್ಲಿ ಉಪ್ಪುನೀರು ಬಿಟ್ಟರೆ ಎಂತದೂ ಸಿಗ್ಲಿಕ್ಕಿಲ್ಲ" ಎನ್ನುತ್ತಿದ್ದರು. ಒಂದು ದಿನ ಬಿರುಗಾಳಿಗೆ ಸಿಕ್ಕಿ ಬೋಟು ಮಗುಚಿತು. ಜೊತೆಗಿದ್ದವರನ್ನು ಇನ್ನೊಂದು ಹಡಗಿನವರು ಎತ್ತಿಕೊಂಡರು. ಬಾವ ಮಾತ್ರ ಸಿಗಲಿಲ್ಲ. ಬದುಕಿಲ್ಲವೆಂದು ಯಾರೂ ಹೇಳಲಿಲ್ಲ, ಇದ್ದಾರೆಂದೂ ಹೇಳಲಿಲ್ಲ. ಕಾಣೆಯಾಗಿದ್ದಾರೆ ಎಂಬ ಒಂದೇ ಮಾತು ಕಂಪೆನಿಯಿಂದ ಬಂತು.

ಅಕ್ಕ ಪ್ರತಿ ತಿಂಗಳೂ ಎರಡು ಲೋಟ ತೆಗೆದುಕೊಳ್ಳುತ್ತಲೇ ಇದ್ದಳು. ವರ್ಷ ಕಳೆಯಿತು, ಇನ್ನೂ ಕಳೆಯಿತು. ಅವಳು ಲೋಟಕ್ಕೆ ಕೈ ಚಾಚುವಾಗ ಎಲ್ಲರೂ ಬೇರೆಲ್ಲೋ ನೋಡುತ್ತಿದ್ದರು. ನನಗದು ಸಹಿಸಲಾಗುತ್ತಿರಲಿಲ್ಲ. ಅವಳ ಮೇಲಿನ ಪ್ರೀತಿಯಿಂದಲೇ ಸಿಟ್ಟು ಬರುತ್ತಿತ್ತು.

ಕೊನೆಗೆ ಮಾತೆತ್ತಿದ್ದು ಬಾವನ ತಾಯಿ. ಅತ್ತೆ ಸೊಸೆ ಬಾವನ ಮನೆಯಲ್ಲಿ ಒಟ್ಟಿಗೆ ಇದ್ದರು, ತಾಯಿ ಮಗಳಂತೆ ಹೊಂದಿಕೊಂಡಿದ್ದರು. ಆ ಮುದುಕಿಯ ಎದೆ ದುರ್ಬಲವಾಗಿತ್ತು. ಒಂದು ಸಂಜೆ ನನ್ನೆದುರೇ ಅಕ್ಕನಿಗೆ ಹೇಳಿದರು: "ನನಗೆ ಇನ್ನು ಹೆಚ್ಚು ದಿನ ಇಲ್ಲ. ನನ್ನ ಮಗನ ಹೆಸರು ಒಂದು ಕಲ್ಲಿನ ಮೇಲೆ ನೋಡಿ ಹೋಗ್ತೇನೆ. ಅವನಿಗಾಗಿ ಒಂದು ಪ್ರಾರ್ಥನೆ ಆಗ್ಲಿ ಮಗಾ."

ಅಕ್ಕ ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತದೆ, "ಅವರು ನಾಳೆ ಬಂದು ಬಾಗಿಲು ತಟ್ಟಿದರೆ ಎಂತ ಹೇಳುವುದು ಅತ್ತೆ? ನಿಮ್ಮನ್ನು ಹೂತಾಯ್ತು ಅಂತಲಾ?" ಎಂದಳು.

ಮತ್ತೆ ಇಬ್ಬರೂ ಮಾತಾಡಲಿಲ್ಲ. ಆ ಮೌನ ವಾರಗಟ್ಟಲೆ ನಡೆಯಿತು. ಒಂದೇ ಒಲೆಯಲ್ಲಿ ಅಡುಗೆ ಮಾಡಿ, ಒಂದೇ ಮೇಜಿನಲ್ಲಿ ಉಂಡು, ಇಬ್ಬರೂ ಒಬ್ಬನಿಗಾಗಿಯೇ ಅಳುತ್ತಾ, ಒಬ್ಬರನ್ನೊಬ್ಬರು ನೋಡದೆ ಬದುಕಿದರು. ಹಿರಿಯರಾದ ದೇವದಾಸ ಮಾಸ್ಟ್ರು, ಅವರು ನಮಗೆಲ್ಲ ಶಾಲೆಯಲ್ಲಿ ಲೆಕ್ಕ ಕಲಿಸಿದವರು, ಮನೆಗೆ ಬಂದು, ಸ್ಮರಣಾ ಆರಾಧನೆ ಇಡುವುದೇ ಎಂದು ಬಹಳ ಸಂಕೋಚದಿಂದ ವಿಚಾರಿಸಿದರು. ಬರುವ ಕರ್ತನ ಭೋಜನದ ದಿನ ಆರಾಧನೆ ಮುಗಿದ ಮೇಲೆ ಉತ್ತರ ಹೇಳುತ್ತೇನೆಂದು ಅಕ್ಕ ಮಾತು ಕೊಟ್ಟಳು. ಉತ್ತರ ಏನೆಂದು ನನಗೆ ಮೊದಲೇ ಹೇಳಿದ್ದಳು. ಆಗುವುದಿಲ್ಲ ಎನ್ನುವುದೇ ಉತ್ತರ.

ಆ ಭಾನುವಾರ ಮೋಡವಿರಲಿಲ್ಲ, ಗಾಳಿಯಿರಲಿಲ್ಲ, ವಿಶೇಷವೇನೂ ಇರಲಿಲ್ಲ. ಕಿಟಕಿಯಿಂದ ಬಂದ ಬಿಸಿಲು ನಮ್ಮ ಕಾಲ ಬಳಿ ಬಿದ್ದಿತ್ತು. ಫ್ಯಾನು ಎಂದಿನಂತೆ ಟಕ್ ಟಕ್ ಎನ್ನುತ್ತಿತ್ತು. ಬೆಂಚಿನಲ್ಲಿ ಮೊದಲು ಅಕ್ಕನ ಅತ್ತೆ, ನಡುವೆ ಅಕ್ಕ, ಈಚೆ ನಾನು. ಅತ್ತೆಯ ಕೈ ನಡುಗುತ್ತಿದ್ದುದರಿಂದ ಅವರ ಲೋಟವನ್ನು ಅಕ್ಕನೇ ಹಿಡಿದು ಕುಡಿಸಬೇಕಿತ್ತು. ಮಾತು ಬಿಟ್ಟಿದ್ದರೂ ಆ ಸೇವೆಯನ್ನು ಅವಳು ಬಿಟ್ಟಿರಲಿಲ್ಲ. ಹಾಗಾಗಿ ತಟ್ಟೆ ಬಂದಾಗ ಬಾವನ ಲೋಟವನ್ನು ತೆಗೆದು ನನ್ನ ಎಡಗೈಗೆ ಕೊಟ್ಟು, "ನೀನು ಹಿಡ್ಕೋ, ಚೆಲ್ಲಬೇಡ" ಎಂದು ಪಿಸುಗುಟ್ಟಿದಳು.

ಚೆಲ್ಲಬೇಡ ಎಂದಾಗಲೇ ನನ್ನ ಕೈ ಸ್ವಲ್ಪ ಅಲುಗಿ ಒಂದು ಹನಿ ನನ್ನ ಹೆಬ್ಬೆರಳಿನ ಉಗುರಿನ ಮೇಲೆ ಬಿತ್ತು. ಬಿಳಿ ಸೀರೆಗೆ ಕಲೆಯಾದರೆ ಕೆಟ್ಟೆ ಎಂದು ಎಚ್ಚರವಾದೆ. ಲೋಟ ಅಂಚಿನವರೆಗೆ ತುಂಬಿತ್ತು. ಇದನ್ನು ನಾನು ಬಹಳ ಯೋಚಿಸಿ ಬರೆಯುತ್ತಿದ್ದೇನೆ. ಅದು ತುಂಬಿತ್ತು.

ಅಯ್ಯನವರು ಹೇಳಿದರು, ಎಲ್ಲರೂ ಕುಡಿದೆವು. ನಾನು ಬಲಗೈಯಲ್ಲಿದ್ದ ನನ್ನ ಲೋಟದಿಂದ ಕುಡಿದು ತೂತಿನಲ್ಲಿಟ್ಟೆ. ಅಕ್ಕ ತನ್ನದನ್ನು ಕುಡಿದು, ಅತ್ತೆಗೆ ಕುಡಿಸಿ, ಅವರ ತುಟಿಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ದೂರದವರಿಗಾಗಿ ಮೌನ ಪ್ರಾರ್ಥನೆ. ಆ ಹೊತ್ತಿಗೆ ಸಾಮಾನ್ಯವಾಗಿ ನಾನು ಕಣ್ಣು ಬಿಟ್ಟುಕೊಂಡೇ ಇರುತ್ತೇನೆ. ಯಾರ ಮಗು ಬೆಂಚಿನಡಿ ನುಸುಳುತ್ತಿದೆ ಎಂದು ನೋಡುವುದು ನನ್ನ ಕೆಟ್ಟ ಚಾಳಿ. ಅಂದು ಬಾವನ ಲೋಟ ಕೈಯಲ್ಲಿತ್ತಲ್ಲ, ಅವರ ಮುಖ ನೆನಪಾಗಿ ಕಣ್ಣು ತುಂಬಿತು. ಕಣ್ಣು ಮುಚ್ಚಿದೆ. ಪ್ರಾರ್ಥನೆಯನ್ನೇನೂ ಮಾಡಲಿಲ್ಲ. "ಎಲ್ಲಿದ್ದೀರಿ ಬಾವ?" ಎಂದು ಮನಸ್ಸಿನಲ್ಲೇ ಕೇಳಿದೆ, ಅಷ್ಟೇ.

ಯಾವ ಸದ್ದೂ ಕೇಳಲಿಲ್ಲ. ತಣ್ಣಗಿನ ಗಾಳಿ, ಯಾರೋ ಮುಟ್ಟಿದ ಹಾಗೆ ಆಗುವುದು, ಅಂಥದ್ದು ಒಂದೂ ಇಲ್ಲ. ಆಮೆನ್ ಎಂದಾಗ ಕಣ್ಣು ಬಿಟ್ಟು ಎಡಗೈ ನೋಡಿದೆ. ಲೋಟ ಖಾಲಿಯಾಗಿತ್ತು.

ಮೊದಲು ಸೀರೆ ನೋಡಿದೆ, ಆಮೇಲೆ ಬೆಂಚು, ನೆಲ. ಎಲ್ಲಿಯೂ ಹನಿಯಿಲ್ಲ. ಅಭ್ಯಾಸಬಲದಿಂದ ನಾನೇ ಎತ್ತಿ ಕುಡಿದೆನೇ ಎಂಬ ಅನುಮಾನ ಬಂತು. ಆದರೆ ಕುಡಿದ ಲೋಟದ ತಳದಲ್ಲಿ ಯಾವಾಗಲೂ ಒಂದು ಕೆಂಪು ತೊಟ್ಟು ಉಳಿಯುತ್ತದೆ. ತೂತಿನಲ್ಲಿದ್ದ ನನ್ನ ಲೋಟದಲ್ಲಿ ಉಳಿದಿತ್ತು, ಅಕ್ಕನದರಲ್ಲೂ ಇತ್ತು. ಇದು ತೊಳೆದು ಒರೆಸಿಟ್ಟ ಹಾಗೆ ಒಣಗಿತ್ತು. ಹಾಗಾದರೆ ಇದಕ್ಕೆ ರಸ ತುಂಬಿಸಲು ಮರೆತಿದ್ದರೇ? ಉಗುರು ನೋಡಿಕೊಂಡೆ. ಹನಿ ಅಲ್ಲೇ ಇತ್ತು, ಅರ್ಧ ಒಣಗಿ ಅಂಟಂಟಾಗಿತ್ತು.

ನನ್ನ ಗಡಿಬಿಡಿ ನೋಡಿ ಅಕ್ಕ ಇತ್ತ ತಿರುಗಿದಳು. ಲೋಟವನ್ನು ನೋಡಿದಳು. ನಾನು, "ನಾನು ಕುಡಿಲಿಲ್ಲ ಅಕ್ಕ, ದೇವರಾಣೆ" ಎಂದೆ. ಆರಾಧನೆಯ ನಡುವೆ ಆಣೆ ಹಾಕಿದ್ದಕ್ಕೆ ಹಿಂದಿನ ಬೆಂಚಿನವರು ಕೆಮ್ಮಿದರು. ಅಕ್ಕ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಇನ್ನು ಇವಳು ಬಾವ ಬದುಕಿದ್ದಾರೆಂದು ಕುಣಿಯುತ್ತಾಳೆ, ಈ ಜನ್ಮದಲ್ಲಿ ಇವಳನ್ನು ಹಿಡಿಯಲಾಗದು ಎಂದುಕೊಂಡೆ. ನನಗೆ ನಿಜವಾಗಿಯೂ ಭಯವಾದದ್ದು ಆಗಲೇ.

ಅವಳು ಕುಣಿಯಲಿಲ್ಲ. ಅತ್ತೆಯ ಕಡೆ ತಿರುಗಿ, ವಾರಗಳ ಬಳಿಕ ಮೊದಲ ಬಾರಿ ಅವರ ಮುಖ ನೋಡಿ, "ಅತ್ತೆ, ಅವರು ಮುಟ್ಟಿದರು" ಎಂದಳು. ನಮ್ಮ ಕಡೆಯ ಮಾತಿನಲ್ಲಿ ಮುಟ್ಟುವುದೆಂದರೆ ತಲುಪುವುದು. ಬಸ್ಸಿನಲ್ಲಿ ಊರಿಗೆ ಹೋದವರು ಫೋನು ಮಾಡಿ ಹೇಳುವ ಮಾತು. ಮುದುಕಿ ಏನು ತಿಳಿದುಕೊಂಡರೋ, ಸೊಸೆಯ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಸಣ್ಣ ಮಗುವಿನ ಹಾಗೆ ಅತ್ತರು. ಅಕ್ಕನೂ ಅತ್ತಳು. ಬೋಟು ಮಗುಚಿದ ಸುದ್ದಿ ಬಂದ ದಿನದಿಂದ ಅವಳು ಯಾರೆದುರೂ ಅತ್ತಿರಲಿಲ್ಲ.

ಹೊರಗೆ ಮಾವಿನ ಮರದಡಿ ದೇವದಾಸ ಮಾಸ್ಟ್ರು ಕಾಯುತ್ತಿದ್ದರು. ಅಕ್ಕ ನೇರ ಅವರ ಬಳಿ ಹೋಗಿ, "ಸ್ಮರಣೆ ಇಡುವ, ಮಾಸ್ಟ್ರೇ. ಹಾಡು ನಾನೇ ಆರಿಸ್ತೇನೆ" ಎಂದಳು. ಅವಳಿಗೆ ಹಾಗೇಕೆ ಅನ್ನಿಸಿತೆಂದು ಮನೆಗೆ ಹೋಗುವಾಗ ಕೇಳಿದೆ. ಕರ್ತನು ತನ್ನ ಶಿಷ್ಯರಿಗೆ, ಇನ್ನು ನಾವು ಒಟ್ಟಿಗೆ ಕುಡಿಯುವುದು ಪರಲೋಕದಲ್ಲಿರುವ ತಂದೆಯ ರಾಜ್ಯದಲ್ಲೇ ಎಂಬ ಅರ್ಥದಲ್ಲಿ ಹೇಳಿದ್ದನ್ನು ಆ ಆರಾಧನೆಯಲ್ಲಿ ಪ್ರತಿಸಲವೂ ಓದುತ್ತಾರೆ. ಅವಳು ಅದನ್ನೇ ನೆನಪಿಸಿದಳು. "ಸಮುದ್ರದಲ್ಲಿ ಇದ್ದಷ್ಟು ದಿನ ಅವರಿಗೆ ಕುಡಿಲಿಕ್ಕೆ ಆಗ್ಲಿಲ್ಲ. ಈಗ ಆಯ್ತು, ಅಲ್ವಾ?" ಎಂದಳು. ಅವಳ ದನಿಯಲ್ಲಿ ದುಃಖವಿತ್ತು, ಆದರೆ ಉಸಿರು ಸರಾಗವಾಗಿತ್ತು.

ಸ್ಮರಣೆ ಆಯಿತು. ಕಲ್ಲಿನ ಮೇಲೆ ಹೆಸರು ಬಂತು. ಅತ್ತೆ ಅದನ್ನು ಕೈಯಿಂದ ಸವರಿ ನೋಡಿದರು. ಅದೇ ವರ್ಷ ಮಳೆಗಾಲದ ಮೊದಲು ನೆಮ್ಮದಿಯಿಂದ ಹೋದರು. ಇದೆಲ್ಲ ಒಳ್ಳೆಯದೇ ಆಯಿತೆಂದು ಸಭೆಯವರು ಹೇಳುತ್ತಾರೆ. ಅವರಿಗೆ ಲೋಟದ ವಿಷಯ ಗೊತ್ತಿಲ್ಲ. ನಾವಿಬ್ಬರೂ ಯಾರಿಗೂ ಹೇಳಲಿಲ್ಲ.

ನಾನು ಸುಮ್ಮನೆ ಬಿಟ್ಟವಳಲ್ಲ. ಅಂಥದೇ ಲೋಟಕ್ಕೆ ಅಂಥದೇ ರಸ ತುಂಬಿ, ಮನೆಯಲ್ಲಿ ಒಬ್ಬಳೇ ಕುಳಿತು, ಎಡಗೈಯಲ್ಲಿ ಹಿಡಿದು ಕಣ್ಣು ಮುಚ್ಚಿ ನೋಡಿದ್ದೇನೆ. ನಗಬೇಡಿ. ರಸ ಇದ್ದಲ್ಲೇ ಇರುತ್ತದೆ. ಗಾಜಿನಲ್ಲಿ ಬಿರುಕಿತ್ತೇ ಎಂದು ಯೋಚಿಸಿದೆ, ಇರಲಿಲ್ಲ. ನನ್ನ ನೆನಪೇ ಸರಿಯಿಲ್ಲವೇ ಎಂದೂ ಯೋಚಿಸಿದೆ. ಅದಕ್ಕೆ ಉತ್ತರ ಕೊಡಬೇಕಾದದ್ದೂ ಅದೇ ನೆನಪು. ಒಂದು ವೇಳೆ ಇದಕ್ಕೆಲ್ಲ ತೀರಾ ಸಾಮಾನ್ಯ ಕಾರಣವೊಂದು ಇದ್ದರೆ, ಗಾಜಿನ ಲೋಟವೊಂದನ್ನು ನೋಡಿ ನಾವು ಒಬ್ಬ ಮನುಷ್ಯನನ್ನು ಮುಗಿಸಿಬಿಟ್ಟೆವಲ್ಲ ಎಂದು ಕೆಲವೊಮ್ಮೆ ಅನ್ನಿಸುತ್ತದೆ. ಕಾರಣವಿಲ್ಲದಿದ್ದರೆ, ಅಕ್ಕ ಹೇಳಿದ್ದೇ ನಿಜ. ಎರಡರಲ್ಲಿ ಯಾವುದನ್ನೂ ವರದಿಯಲ್ಲಿ ಬರೆದು ಸಹಿ ಹಾಕುವ ಧೈರ್ಯ ನನಗಿಲ್ಲ.

ಅಕ್ಕನ ಮೊಬೈಲಿಗೆ ಈಗಲೂ ಒಮ್ಮೊಮ್ಮೆ ಗೊತ್ತಿಲ್ಲದ ಹೊರದೇಶದ ನಂಬರಿನಿಂದ ಕರೆ ಬರುವುದುಂಟು. ಹಿಂದೆ ಅಂಥ ಕರೆಗೆ ಒದ್ದೆ ಕೈಯಲ್ಲೇ ಓಡಿ ಬರುತ್ತಿದ್ದವಳು ಈಗ ಒಮ್ಮೆ ನೋಡಿ, "ಮೋಸದವರು ಇರ್ಬೇಕು" ಎಂದು ಕಟ್ ಮಾಡಿ ತನ್ನ ಕೆಲಸಕ್ಕೆ ಹೋಗುತ್ತಾಳೆ. ಅವಳು ಒಳಗಿದ್ದು ಫೋನಿನ ಹತ್ತಿರ ನಾನಿದ್ದರೆ, ನಾನು ಎತ್ತುತ್ತೇನೆ. ಹಲೋ ಎಂದು, ಆ ಕಡೆಯಿಂದ ಮಾತು ಬರುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತೇನೆ.