ತಮಿಳು ಬಲ್ಲ ಡಿಫೆಂಡರ್

ನಮ್ಮ ಶಾಲೆಯ ಫುಟ್‌ಬಾಲ್ ತಂಡಕ್ಕಾಗಿ ನಾನು ಒಂದೇ ಒಂದು ಪಂದ್ಯ ಆಡಿದ್ದೇನೆ. ನನ್ನನ್ನು ಆರಿಸಿದ್ದು ತಮಿಳು ಬರುತ್ತದೆ ಎಂಬ ಕಾರಣಕ್ಕೆ. ನನಗೆ ತಮಿಳು ಬರುತ್ತಿರಲಿಲ್ಲ. ಫುಟ್‌ಬಾಲೂ ಬರುತ್ತಿರಲಿಲ್ಲ. ಈಗ ಧಾರವಾಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನೌಕರಿ ಅರ್ಜಿಯ ಕ್ರೀಡೆಯ ಖಾನೆಯಲ್ಲಿ ಏನು ಬರೆಯಬೇಕು ಎಂದು ಹುಡುಗರು ಕೇಳಿದಾಗ, ಇಲ್ಲದ್ದನ್ನು ಬರೆಯಬೇಡಿ ಎಂದಷ್ಟೇ ಹೇಳುತ್ತೇನೆ. ಹುಡುಗರು ನನ್ನನ್ನು ಬಹಳ ತತ್ವದ ಮನುಷ್ಯ ಎಂದುಕೊಂಡಿದ್ದಾರೆ.

ಇದಕ್ಕೆಲ್ಲ ಮೂಲ ನಮ್ಮ ಕಾಕಾ. ಅವನು ಹುಬ್ಬಳ್ಳಿಯಲ್ಲಿ ಹತ್ತಿ ದಲಾಲಿ ಮಾಡುತ್ತಿದ್ದ. ವರ್ಷಕ್ಕೆ ಮೂರು ನಾಲ್ಕು ಸಲ ಕೊಯಮತ್ತೂರಿನ ಗಿರಣಿಗಳಿಗೆ ಹೋಗಿ ಬರುವಾಗ ಒಂದು ಪೆನ್‌ಡ್ರೈವ್ ತುಂಬ ತಮಿಳು ಸಿನಿಮಾ ತುಂಬಿಸಿಕೊಂಡು ಬರುತ್ತಿದ್ದ. ಅವನಿಗೆ ಬರುತ್ತಿದ್ದ ತಮಿಳು ಒಂದರಿಂದ ನೂರರ ತನಕ, ಅದೂ ದರ ಇಳಿಸುವ ದಿಕ್ಕಿನಲ್ಲಿ ಮಾತ್ರ. ಭಾನುವಾರ ಉಂಡು ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸಿ, ನಾಯಕನ ಕಾಲು ಕಾಣಿಸಿ ಮುಖ ಕಾಣಿಸುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದ. ತಮಿಳು ಸಿನಿಮಾದಲ್ಲಿ ಕಾಲಿನಿಂದ ಮುಖಕ್ಕೆ ಬರಲು ಸಾಕಷ್ಟು ಹೊತ್ತು ಹಿಡಿಯುತ್ತದೆ. ಉಳಿದ ಎರಡೂವರೆ ತಾಸು ನಾನೊಬ್ಬನೇ ನೋಡುತ್ತಿದ್ದೆ.

ಪರದೆಯ ಕೆಳಗೆ ಒಂದಕ್ಷರ ಬರುತ್ತಿರಲಿಲ್ಲ. ಭಾಷೆ ತಿಳಿಯದಿದ್ದರೆ ಮನುಷ್ಯ ಮುಖ ನೋಡುತ್ತಾನೆ. ಮುಖ ನೋಡಿದರೆ ಅರ್ಧ ಕಥೆ ತಿಳಿಯುತ್ತದೆ, ಇನ್ನರ್ಧ ನಾವು ಹೇಳಿದಂತೆ ಕೇಳುತ್ತದೆ. ಅಲ್ಲಿ ಅಳುವವರು ಪೂರ್ತಿ ಅಳುತ್ತಿದ್ದರು. ನಮ್ಮ ಮನೆಯಲ್ಲಿ ಯಾರಾದರೂ ಅಳಲು ಶುರು ಮಾಡಿದರೆ ಅರ್ಧಕ್ಕೆ ಚಹಾ ಬಂದುಬಿಡುತ್ತಿತ್ತು. ಅಲ್ಲಿ ಸಿಟ್ಟು ಬಂದವನು ಅಂಗಿಯ ತೋಳು ಮಡಿಸಿ ಹೊರಗೆ ಹೋಗುತ್ತಿದ್ದ, ನಮ್ಮಪ್ಪ ಸಿಟ್ಟು ಬಂದರೆ ಪೇಪರ್ ಓದುತ್ತಿದ್ದ. ನನಗೆ ಆ ಸಿನಿಮಾಗಳ ಮೇಲೆ ಪ್ರೀತಿ ಹುಟ್ಟಿದ್ದು ಇದಕ್ಕೇ. ಕೋರ್ಟಿನ ದೃಶ್ಯಗಳು ಮಾತ್ರ ಒಂದೂ ತಲೆಗೆ ಹತ್ತುತ್ತಿರಲಿಲ್ಲ. ಅವುಗಳನ್ನು ನಾನು ಆಸ್ತಿ ಜಗಳ ಎಂದು ಒಟ್ಟಿಗೆ ತೀರ್ಮಾನಿಸಿಬಿಟ್ಟಿದ್ದೆ.

ಸೋಮವಾರದಿಂದ ಶನಿವಾರದ ತನಕ ಆ ಭಾನುವಾರದ ಸಿನಿಮಾ ಕಥೆಯನ್ನು ಹತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ಕಂತುಗಳಲ್ಲಿ ಹೇಳುತ್ತಿದ್ದೆ. ಊಟದ ಬಿಡುವಿನ ನಂತರ ಸಮಾಜ ವಿಜ್ಞಾನ ಇರುತ್ತಿತ್ತು. ಆ ಮಾಸ್ತರು ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳುವವರು. ನಾನು ಪಕ್ಕದವನಿಗೆ ಹೇಳುವುದು, ಅವನು ಮುಂದಿನ ಬೆಂಚಿಗೆ ಹೇಳುವುದು, ಹೀಗೆ ಕಥೆ ಮುಂದೆ ಸಾಗುತ್ತಿತ್ತು. ಮೊದಲನೆಯ ಬೆಂಚು ಮುಟ್ಟುವ ಹೊತ್ತಿಗೆ ಸತ್ತವರಲ್ಲಿ ಇಬ್ಬರು ಎದ್ದು ಕೂತಿರುತ್ತಿದ್ದರು.

ಆ ಪಕ್ಕದವನು ನನ್ನ ಗೆಳೆಯ. ಹಳೇ ಹುಬ್ಬಳ್ಳಿಯ ಬೈಕ್ ಮೆಕ್ಯಾನಿಕ್ ಒಬ್ಬನ ಮಗ. ಕಡಿಮೆ ಮಾತಿನವನು, ನನ್ನ ಕಥೆಯ ಮೊದಲ ಗಿರಾಕಿ. ನಾನು ಹೇಳುವಾಗ ಡೆಸ್ಕಿನ ಮೇಲೆ ಗದ್ದ ಊರಿ, ನಡುವೆ ಒಂದೂ ಪ್ರಶ್ನೆ ಕೇಳದೆ ಕೇಳುತ್ತಿದ್ದ. ಶಾಲೆಯ ತಂಡದಲ್ಲಿ ಎಡಬದಿಯ ಡಿಫೆಂಡರ್ ಅವನೇ. ಅವನನ್ನು ದಾಟಿ ಚೆಂಡು ಹೋದರೆ ನಮ್ಮ ತಂಡದವರು ಅವನಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ವಿಚಾರಿಸುತ್ತಿದ್ದರು.

ಒಂದು ದಿನ ಸಮಾಜದ ಮಾಸ್ತರು ಬೋರ್ಡಿನಿಂದ ತಿರುಗಿದರು. ನನ್ನನ್ನು ಮುಂದೆ ಕರೆದು, ಹಿಂದೆ ಕೂತು ಏನು ಹೇಳುತ್ತಿದ್ದೆಯೋ ಅದನ್ನು ಎಲ್ಲರಿಗೂ ಕೇಳುವಂತೆ ಹೇಳು ಎಂದರು. ಶಿಕ್ಷೆ ಎಂದುಕೊಂಡೇ ಹೇಳಿದರು. ನಾನು ಹೇಳಿದೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಮಾಸ್ತರು ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಬಾಗಿಲ ತನಕ ಹೋದವರು ತಿರುಗಿ, ಅಕ್ಕನ ಗಂಡ ಬದುಕಿದನೋ ಇಲ್ಲವೋ ಅಷ್ಟು ಹೇಳು ಎಂದರು. ಬದುಕಿದ ಎಂದೆ. ಅವರು ಸಮಾಧಾನದಿಂದ ಸ್ಟಾಫ್ ರೂಮಿಗೆ ಹೋಗಿ, ಹತ್ತನೆಯದರಲ್ಲಿ ತಮಿಳು ನೀರು ಕುಡಿದಷ್ಟು ಸಲೀಸಾಗಿ ಬಲ್ಲ ಹುಡುಗನೊಬ್ಬ ಇದ್ದಾನೆಂದು ಹೇಳಿದರು.

ಅದನ್ನು ಕೇಳಿಸಿಕೊಂಡವರು ಡ್ರಾಯಿಂಗ್ ಮಾಸ್ತರು. ನಮ್ಮಲ್ಲಿ ದೈಹಿಕ ಶಿಕ್ಷಕರ ಜಾಗ ಖಾಲಿ ಇದ್ದುದರಿಂದ ಫುಟ್‌ಬಾಲ್ ಅವರ ಕೊರಳಿಗೆ ಬಿದ್ದಿತ್ತು. ಅವರು ಬೋರ್ಡಿನ ಮೇಲೆ ಬಿಡಿಸುತ್ತಿದ್ದ ಮೈದಾನದಲ್ಲಿ ದೂರದ ಗೋಲು ಸಣ್ಣದಾಗಿಯೂ ಹತ್ತಿರದ ಗೋಲು ದೊಡ್ಡದಾಗಿಯೂ ಇರುತ್ತಿತ್ತು. ತಾಲೂಕು ಮಟ್ಟದಲ್ಲಿ ನಾವು ಪ್ರತಿ ವರ್ಷ ರೈಲ್ವೆ ಕಾಲೋನಿ ಕಡೆಯ ಹುಡುಗರಿಗೆ ಸೋಲುತ್ತಿದ್ದೆವು. ಅವರು ಚೆನ್ನಾಗಿ ಆಡುತ್ತಿದ್ದುದೇ ಇದಕ್ಕೆ ಕಾರಣ ಎಂದು ಯಾರಿಗೂ ಅನ್ನಿಸಿರಲಿಲ್ಲ. ಆ ಹುಡುಗರು ಆಟದ ನಡುವೆ ತಮ್ಮ ತಮ್ಮಲ್ಲೇ ತಮಿಳಿನಲ್ಲಿ ಮಾತಾಡಿಕೊಂಡು ಹಂಚಿಕೆ ಹಾಕುತ್ತಾರೆ, ನಮಗದು ತಿಳಿಯುವುದಿಲ್ಲ, ಅದಕ್ಕೇ ಸೋಲುತ್ತೇವೆ ಎಂಬುದು ಡ್ರಾಯಿಂಗ್ ಮಾಸ್ತರ ಖಚಿತ ಅಭಿಪ್ರಾಯವಾಗಿತ್ತು. ನಮ್ಮದೂ ಅದೇ ಆಗಿತ್ತು.

ಆ ವರ್ಷ ಅವರ ಜೊತೆಗಿನ ಪಂದ್ಯ ಶನಿವಾರ ಇತ್ತು. ಬುಧವಾರ ಸಂಜೆ ಮಾಸ್ತರು ನನ್ನನ್ನು ಮೈದಾನಕ್ಕೆ ಕರೆಸಿದರು.

"ನಿನಗ ತಮಿಳು ಬರ್ತೈತೇನು?"

"ಬರ್ತೈತ್ರೀ ಸರ್."

ಗೆಳೆಯ ಅಲ್ಲೇ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದ. ಅವನ ಕೈ ನಿಂತಿತು, ಆಮೇಲೆ ಮತ್ತೆ ಬಿಚ್ಚತೊಡಗಿತು. ಮಾಸ್ತರು ತಮ್ಮ ಹಂಚಿಕೆ ವಿವರಿಸಿದರು. ಎಡಬದಿಯ ಡಿಫೆಂಡರ್ ನಿಲ್ಲುವುದು ಮಾಸ್ತರು ನಿಲ್ಲುವ ಅಂಚಿನ ಗೆರೆಯ ಹತ್ತಿರ. ನಾನು ಅಲ್ಲಿ ನಿಂತು, ಎದುರಿನವರ ಮಾತು ಕೇಳಿ, ಮಾಸ್ತರಿಗೆ ಹೇಳಬೇಕು. ಅವರು ತಂಡಕ್ಕೆ ಹೇಳುತ್ತಾರೆ. ಗೆಳೆಯ ಹನ್ನೆರಡನೆಯವನಾಗಿ ಹೊರಗೆ ಕೂರಬೇಕು. ಇದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ಗುರುವಾರ ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು ಇತ್ತು. ನಾನು ಆ ದಿನ ನಾಲ್ಕು ಸಲ ನೀರು ಕುಡಿಯಲು ಹೋದೆ, ನೋಟಿಸ್ ಬೋರ್ಡ್ ಇದ್ದದ್ದು ನಲ್ಲಿಯ ದಾರಿಯಲ್ಲಿ.

ಗುರುವಾರ, ಶುಕ್ರವಾರ ಸಂಜೆ ಗೆಳೆಯನೇ ನನಗೆ ಆಟ ಕಲಿಸಿದ. ಎದುರಿನವನ ಕಾಲು ನೋಡಬೇಡ, ಸೊಂಟ ನೋಡು, ಕಾಲು ಸುಳ್ಳು ಹೇಳುತ್ತದೆ ಸೊಂಟ ಹೇಳುವುದಿಲ್ಲ ಎಂದ. ನನ್ನ ಹತ್ತಿರ ಬೂಟು ಇರಲಿಲ್ಲ. ಅವನದನ್ನೇ ಕೊಟ್ಟ. ಅದು ಅವನ ದೊಡ್ಡಪ್ಪನ ಮಗ ಹಾಕಿ ಬಿಟ್ಟದ್ದು, ಅಟ್ಟೆ ಬಾಯಿ ಬಿಟ್ಟಿದ್ದನ್ನು ಅವನ ಅಪ್ಪ ಪಂಕ್ಚರ್ ಹಾಕುವ ಸಲೂಷನ್‌ನಿಂದ ಅಂಟಿಸಿ, ಸುತ್ತಲೂ ಟ್ಯೂಬಿನ ರಬ್ಬರ್ ಪಟ್ಟಿ ಹಾಕಿ ಕೊಟ್ಟಿದ್ದ. ನನ್ನ ಕಾಲಿಗೆ ಸರಿಯಾಗಿ ಕೂತಿತು. ಕೂರದಿದ್ದರೆ ಚೆನ್ನಾಗಿತ್ತು ಎಂದು ಆಗಲೇ ಅನ್ನಿಸಿತ್ತು.

ಶುಕ್ರವಾರ ಮನೆಗೆ ಹೊರಟಾಗ ಗೆಳೆಯ ಗೇಟಿನ ಹತ್ತಿರ ನಿಂತ.

"ನಾಳೆ ಅಬ್ಬಾ ಬರಾವ ಅದಾನ," ಎಂದ. "ಗ್ಯಾರೇಜ್ ಬಂದ್ ಮಾಡಿ."

ಅವನ ಅಪ್ಪ ಅಲ್ಲಿಯ ತನಕ ಶಾಲೆಗೆ ಬಂದದ್ದು ಎರಡೇ ಸಲ, ಎರಡೂ ಸಲ ಹೆಡ್‌ಮಾಸ್ತರು ದೂರು ಹೇಳಲು ಕರೆಸಿದ್ದರು. ಗ್ಯಾರೇಜನ್ನು ಶುಕ್ರವಾರ ನಮಾಜಿಗೆ ಬಿಟ್ಟರೆ ಮತ್ತಾವುದಕ್ಕೂ ಮುಚ್ಚಿದವನಲ್ಲ. ಮಗ ಆಡುತ್ತಾನೆಂದು ವಾರದ ಮೊದಲೇ ಮನೆಯಲ್ಲಿ ಹೇಳಿಯಾಗಿತ್ತು. ಹೆಸರು ಹೋಯಿತೆಂದು ಅವನು ಮನೆಯಲ್ಲಿ ಹೇಳಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಅವನು ಹೇಳಿ ಮುಗಿಸಿದ ಮೇಲೂ ಹೋಗಲಿಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತ. ಡ್ರಾಯಿಂಗ್ ಮಾಸ್ತರು ಇನ್ನೂ ಸೈಕಲ್ ಸ್ಟ್ಯಾಂಡಿನಲ್ಲಿದ್ದರು, ಇಪ್ಪತ್ತು ಹೆಜ್ಜೆ. ಹೋಗಿ, ನನಗೆ ತಮಿಳು ಬರುವುದಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಆಗ ಕಥೆಗಳೂ ಸುಳ್ಳಾಗುತ್ತಿದ್ದವು, ನೋಟಿಸ್ ಬೋರ್ಡಿನ ಹೆಸರೂ ಹೋಗುತ್ತಿತ್ತು. ನನಗೆ ಎರಡರ ಮೇಲೂ ಆಸೆ ಇತ್ತು.

"ಛಲೋ ಆತು," ಎಂದೆ.

ಶನಿವಾರ ಅವನ ಅಪ್ಪ ಎಲ್ಲರಿಗಿಂತ ಮೊದಲು ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಉಗುರಿನ ಸಂದಿಯ ಆಯಿಲ್ ಮಾತ್ರ ಹೋಗಿರಲಿಲ್ಲ. ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಕೈ ಹಿಂದೆ ಕಟ್ಟಿಕೊಂಡು ನಿಂತ. ತಂಡ ಒಳಗೆ ಬಂದಾಗ ಒಬ್ಬೊಬ್ಬರನ್ನೇ ನೋಡಿದ. ನನ್ನ ಮುಖ ನೋಡಿದ, ಬೂಟು ನೋಡಿದ, ಹೊರಗೆ ನೀರಿನ ಕೊಡದ ಪಕ್ಕ ಕೂತ ಮಗನನ್ನು ನೋಡಿದ.

ಆಟ ಶುರುವಾಯಿತು. ಎದುರಿನವರು ಒದರಾಡತೊಡಗಿದರು. ಸಿನಿಮಾದಲ್ಲಿ ಕೇಳಿದ ಒಂದು ಶಬ್ದವೂ ಅದರಲ್ಲಿ ಇರಲಿಲ್ಲ. ಆಟಗಾರರು ತಾಯಿಯ ಮೇಲೆ ಆಣೆ ಇಡುವುದಿಲ್ಲ, ಊರು ಬಿಟ್ಟು ಹೋಗುತ್ತೇನೆ ಎನ್ನುವುದಿಲ್ಲ, ಅದು ನನಗೆ ಮೊದಲೇ ಹೊಳೆಯಬೇಕಿತ್ತು. ಮಾಸ್ತರು ಗೆರೆಯ ಆಚೆಯಿಂದ, ಏನಂತಾರ ಏನಂತಾರ ಎಂದು ಕೇಳುತ್ತಿದ್ದರು. ಎಡಕ್ಕೆ ಬರುತ್ತಾರಂತೆ ಎಂದೆ. ನಮ್ಮ ತಂಡವೆಲ್ಲ ಎಡಕ್ಕೆ ಬಂದು ನನ್ನ ಸುತ್ತ ನಿಂತಿತು. ಅವರು ಬಲಗಡೆಯಿಂದ ನಡೆದುಕೊಂಡು ಬಂದಂತೆ ಬಂದು ಗೋಲು ಹಾಕಿದರು. ನಾವು ಕೇಳಿಸಿಕೊಳ್ಳುತ್ತಿದ್ದೇವೆಂದು ಅವರಿಗೆ ಗೊತ್ತಾಗಿ ಕೊನೆಗಳಿಗೆಯಲ್ಲಿ ಹಂಚಿಕೆ ಬದಲಿಸಿದರು ಎಂದು ಮಾಸ್ತರು ತೀರ್ಮಾನಿಸಿದರು. ನನ್ನ ಬೆಲೆ ಏರಿತು.

ಮತ್ತೊಂದು ಸಲ ಬಲಕ್ಕೆ ಎಂದೆ. ಅವರು ನಿಜಕ್ಕೂ ಬಲಕ್ಕೇ ಬಂದರು, ನಮ್ಮವರು ತಡೆದರು. ಮಾಸ್ತರು ಓಡಿ ಬಂದು ನನ್ನ ಬೆನ್ನು ತಟ್ಟಿದರು. ನಾಚಿಕೆಯ ಮಾತೆಂದರೆ, ಆ ಒಂದು ನಿಮಿಷ ನನಗೆ ತಮಿಳು ಬರುತ್ತದೆ ಎಂದು ನಾನೂ ನಂಬಿದೆ. ಅರ್ಧ ಆಟವಾದ ಮೇಲೆ ಬದಿ ಬದಲಾಗಿ ನಾನು ಮೈದಾನದ ಆ ಕಡೆಗೆ ಹೋದೆ. ಮಾಸ್ತರು ಮೈದಾನ ಸುತ್ತು ಹಾಕಿ ಆ ಕಡೆಗೇ ಬಂದು ನಿಂತರು. ಇನ್ನೆರಡು ಗೋಲುಗಳಾದವು. ಎರಡೂ ನನ್ನನ್ನು ದಾಟಿ ಹೋದವು. ನಾನು ಕಾಲನ್ನೇ ನೋಡುತ್ತಿದ್ದೆ.

ಚೆಂಡು ಹೊರಗೆ ಹೋಗಿ ಆಟ ನಿಂತಾಗೆಲ್ಲ ಅವನ ಅಪ್ಪ ನೀರಿನ ಕೊಡದ ಕಡೆ ನೋಡುತ್ತಿದ್ದ. ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಅವನು ಅಂದುಕೊಳ್ಳುತ್ತಿದ್ದುದು ಅಷ್ಟು ದೂರದಿಂದಲೂ ತಿಳಿಯುತ್ತಿತ್ತು. ಗೆಳೆಯ ಅಪ್ಪನ ಕಡೆ ತಿರುಗಲಿಲ್ಲ. ಕೊನೆಯ ಸೀಟಿ ಊದುವ ತನಕ ಅವನ ಅಪ್ಪ ಮರದ ಕೆಳಗಿಂದ ಕದಲಲಿಲ್ಲ.

ಆಟ ಮುಗಿದ ಮೇಲೆ ಡ್ರಾಯಿಂಗ್ ಮಾಸ್ತರು ಎದುರಿನ ತಂಡದ ಗೋಲ್‌ಕೀಪರ್‌ನ ಕೈ ಕುಲುಕಿ, ಮೊದಲನೆಯ ಗೋಲಿಗೆ ಮುಂಚೆ ನೀವು ತಮಿಳಿನಲ್ಲಿ ಏನು ಮಾತಾಡಿಕೊಂಡಿರಿ ಎಂದು ವಿದ್ಯಾರ್ಥಿಯಂತೆ ಕೇಳಿದರು.

"ತಮಿಳು ಅಲ್ರೀ ಸರ್, ನಮ್ಮದು ತೆಲುಗು," ಎಂದ ಆ ಹುಡುಗ. "ಬಾಲ್ ಕೊಡ್ಲೇ, ಬಾಲ್ ಕೊಡ್ಲೇ ಅಂತ ಒದರಾಕತ್ತಿದ್ವಿ, ಅಷ್ಟರೀ."

ನಮ್ಮ ಕಡೆಯವರಿಗೆ ರೈಲ್ವೆ ಕಾಲೋನಿಯಲ್ಲಿ ತಿಳಿಯದ ಮಾತು ಯಾವುದು ಕಿವಿಗೆ ಬಿದ್ದರೂ ಅದು ತಮಿಳೇ. ಎಷ್ಟೋ ವರ್ಷದಿಂದ ಸೋತು ಬಂದರೂ ಯಾರೂ ಹೋಗಿ ಕೇಳಿರಲಿಲ್ಲ. ಮಾಸ್ತರು ನನ್ನ ಹೆಗಲ ಮೇಲೆ ಕೈಯಿಟ್ಟು, ತಪ್ಪು ತಮ್ಮದೇ ಎಂದರು. ತಮಿಳು ಬಲ್ಲವನಿಗೆ ತೆಲುಗು ಹೇಗೆ ತಿಳಿಯಬೇಕು ಪಾಪ ಎಂದರು. ನಾನು ಸಿಕ್ಕಿಬೀಳಲಿಲ್ಲ. ಸಿಕ್ಕಿಬಿದ್ದಿದ್ದರೆ ಒಳ್ಳೆಯದಿತ್ತು.

ಗೆಳೆಯನ ಅಪ್ಪ ನನ್ನ ಹತ್ತಿರ ಬಂದ. ಯಾಕೆ ನೀನು ಆಡಿದೆ ಎಂದು ಕೇಳುತ್ತಾನೆ ಅಂದುಕೊಂಡೆ. ಅವನು ಬಗ್ಗಿ ನನ್ನ ಬೂಟಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಗಟ್ಟಿ ಹಿಡದೈತಿ," ಎಂದ.

"ಹೌದ್ರೀ," ಎಂದೆ.

ಭಾನುವಾರ ಕಾಕಾ ಪೆನ್‌ಡ್ರೈವ್ ಹಾಕಿದ, ನಾನು ಎದ್ದು ಮಹಡಿಗೆ ಹೋದೆ. ಸೋಮವಾರ ಪ್ರಾರ್ಥನೆಗೂ ಮುಂಚೆ ಡ್ರಾಯಿಂಗ್ ಮಾಸ್ತರನ್ನು ಹುಡುಕಿಕೊಂಡು ಹೋಗಿ ಎಲ್ಲ ಹೇಳಿದೆ. ತಮಿಳು ಬರುವುದಿಲ್ಲ, ಯಾವತ್ತೂ ಬರುತ್ತಿರಲಿಲ್ಲ, ಕಥೆಗಳೆಲ್ಲ ನನ್ನವೇ ಎಂದೆ. ಅವರು ಕುಂಚ ತೊಳೆಯುತ್ತಿದ್ದರು. ಕಪಾಳಕ್ಕೆ ಒಂದು ಬೀಳುತ್ತದೆ, ಬಿದ್ದರೆ ಹಗುರಾಗುತ್ತದೆ ಎಂದು ಕಾದೆ. ಟೂರ್ನಮೆಂಟ್ ಮುಗಿಯಿತಲ್ಲ, ಈಗ ಹೇಳಿ ಏನು ಮಾಡುತ್ತೀ ಎಂದು ಅವರು ಇನ್ನೊಂದು ಕುಂಚ ತೆಗೆದುಕೊಂಡರು.

ಆದರೂ ಹೇಳಿದೆನಲ್ಲ ಎಂಬ ಸಣ್ಣ ಹೆಮ್ಮೆಯಿಂದಲೇ ತರಗತಿಗೆ ಬಂದೆ. ಗೆಳೆಯ ಕೊನೆಯ ಬೆಂಚಿನಲ್ಲಿ ಕೂತು ಗಣಿತದ ಲೆಕ್ಕ ನಕಲು ಮಾಡುತ್ತಿದ್ದ. ಪಕ್ಕದಲ್ಲಿ ಕೂತು, ಮಾಸ್ತರಿಗೆ ಎಲ್ಲ ಹೇಳಿಬಿಟ್ಟೆ, ನನಗೆ ತಮಿಳು ಬರುವುದಿಲ್ಲ ಎಂದೆ.

"ನನಗ ಗೊತ್ತೈತಿ," ಎಂದ ತಲೆ ಎತ್ತದೆ.

ಅವನ ಮನೆಯ ಟಿವಿಯಲ್ಲಿ ಆ ಸಿನಿಮಾಗಳೆಲ್ಲ ಹಿಂದಿಯಲ್ಲಿ ಬರುತ್ತಿದ್ದವಂತೆ. ದಿನಾ ಒಂದು ಬರುತ್ತಿತ್ತಂತೆ. ನಾನು ಕಥೆ ಹೇಳಿದ ಒಂದೊಂದನ್ನೂ ಅವನು ಮೊದಲೇ ನೋಡಿದ್ದ. ನಾನು ಅಕ್ಕನ ಗಂಡನನ್ನಾಗಿ ಮಾಡಿದವನು ಪೊಲೀಸಂತೆ. ಅಕ್ಕ ಅಕ್ಕನೇ ಅಲ್ಲವಂತೆ. ಆಸ್ತಿ ಜಗಳ ಒಂದು ಸಿನಿಮಾದಲ್ಲೂ ಇರಲಿಲ್ಲವಂತೆ. ಖರೆ ಕಥೆಗಿಂತ ನಿನ್ನದೇ ಚೆನ್ನಾಗಿರುತ್ತಿತ್ತು, ಅದಕ್ಕೇ ಸುಮ್ಮನೆ ಕೇಳುತ್ತಿದ್ದೆ ಎಂದ. ವರ್ಷವಿಡೀ ಅವನು ಒಂದು ಪ್ರಶ್ನೆಯನ್ನೂ ಕೇಳದೆ ಯಾಕೆ ಕೂತಿರುತ್ತಿದ್ದ ಎಂಬುದು ನನಗೆ ಆಗ ತಿಳಿಯಿತು.

ಹಾಗಾದರೆ ಬುಧವಾರವೇ ಮಾಸ್ತರ ಮುಂದೆ ಹೇಳಬಹುದಿತ್ತಲ್ಲ, ಒಂದು ಮಾತು ಹೇಳಿದ್ದರೆ ನಿನ್ನ ಜಾಗದಲ್ಲಿ ನೀನೇ ಆಡುತ್ತಿದ್ದೆ, ನಿನ್ನ ಅಪ್ಪ ನೋಡುತ್ತಿದ್ದ ಎಂದೆ. ನನ್ನ ದನಿಯಲ್ಲಿ ತಕರಾರು ಇತ್ತು. ತಪ್ಪನ್ನು ಅವನೂ ಸ್ವಲ್ಪ ಹೊತ್ತುಕೊಳ್ಳಲಿ ಎಂದು ನಾನು ಆಗಲೂ ನೋಡುತ್ತಿದ್ದೆ.

ಅವನು ಪೆನ್ನಿನ ಮುಚ್ಚಳ ಹಾಕಿದ.

"ನೀ ಹೇಳ್ತಿ ಅಂತ ಮಾಡಿದ್ದೆ," ಎಂದ. "ಶುಕ್ರವಾರ ಅಬ್ಬಾ ಬರ್ತಾನ ಅಂದೆ ನೋಡು, ಆಗರೆ ಹೇಳ್ತಿ ಅಂತ ನಿಂತಿದ್ದೆ."

ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ತಿರುಗಿ ಏನಾದರೂ ಅನ್ನಬಹುದಿತ್ತು. ಅವನು ವಹಿಯನ್ನು ಚೀಲದಲ್ಲಿ ಹಾಕಿ, ಎದ್ದು, ಎರಡು ಸಾಲು ಮುಂದಿನ ಬೆಂಚಿನಲ್ಲಿ ಹೋಗಿ ಕೂತ. ಪರೀಕ್ಷೆ ಮುಗಿಯುವ ತನಕ ಅಲ್ಲೇ ಕೂತ.