ರಂಗೋಲಿ ಬಾರದ ಅಲ್ಮಾಸಬಿ

ಗದಗ ಹೊಸ ಜಿಲ್ಲೆಯಾದ ಮರುವರ್ಷ ಊರಿನ ದೊಡ್ಡ ಮಂದಿಗೆ ಏನಾದರೂ ದೊಡ್ಡದು ಮಾಡಬೇಕೆನಿಸಿತು. ರಸ್ತೆ ಮಾಡಿಸುವುದು ತ್ರಾಸಿನ ಕೆಲಸ. ಹಾಗಾಗಿ ಇದ್ದ ರಸ್ತೆಯ ಮೇಲೆ ಓಟ ಇಟ್ಟರು. ಮುಂಡರಗಿಯಿಂದ ಡಂಬಳದ ಮೇಲೆ ಹಾಯ್ದು ಗದಗ, ಅಲ್ಲಿಂದ ಬೆಟಗೇರಿ, ಪೂರಾ ಮ್ಯಾರಥಾನ್. ಸಮಿತಿಯ ಅಧ್ಯಕ್ಷ ಹತ್ತಿ ವ್ಯಾಪಾರಿ ಪುಂಡಲೀಕಪ್ಪ. ತನ್ನ ಮನೆಯ ಮೆಟ್ಟಿಲು ಹತ್ತುವಾಗಲೂ ನಡುವೆ ಒಮ್ಮೆ ನಿಂತು ಉಸಿರು ಬಿಡುವ ಮನುಷ್ಯ.

ಹೆಸರು ಬರೆಸಲು ಬಂದ ಅಲ್ಮಾಸಬಿಗೆ ಆಗ ಹತ್ತೊಂಬತ್ತು. ಮುಂಡರಗಿಯಲ್ಲಿ ಗಾದಿ ಹೊಲಿಯುವ ನಬಿಸಾಬನ ಮಗಳು. ಅಪ್ಪ ಹೊಲಿದ ಗಾದಿಯನ್ನು ತಲೆಯ ಮೇಲೆ ಹೊತ್ತು ಸುತ್ತಲಿನ ಹಳ್ಳಿಗಳಿಗೆ ಮುಟ್ಟಿಸುತ್ತಿದ್ದಳು. ಬರುವಾಗ ತಲೆ ಖಾಲಿ, ರಸ್ತೆಯೂ ಖಾಲಿ. ಓಡುತ್ತಿದ್ದಳು. ಯಾಕೆಂದು ಕೇಳಿದರೆ, “ನಡದ್ರ ಬ್ಯಾಸರಾಕ್ಕೈತಿ” ಎನ್ನುತ್ತಿದ್ದಳು.

“ಹೆಣ್ಣಮಕ್ಕಳಿಗೆ ರಂಗೋಲಿ ಸ್ಪರ್ಧಾ ಇಟ್ಟೇವಲ್ಲವಾ, ಅದಕ್ಕ ಬರಸು” ಎಂದ ಪುಂಡಲೀಕಪ್ಪ.

“ನಂಗ ರಂಗೋಲಿ ಬರೂದಿಲ್ರಿ. ಓಡಾಕ ಬರತೈತಿ.”

“ಅಷ್ಟ ದೂರ ಓಡಿದ್ರ ಹೆಣ್ಣಿನ ಗರ್ಭ ಜಾರತೈತಿ. ನಾಳೆ ಮಕ್ಕಳಾಗಲಿಲ್ಲಂದ್ರ ನಿಮ್ಮಪ್ಪ ನಮ್ಮ ಬಾಗಲಿಗೆ ಬಂದು ಅಳತಾನ.”

“ನಿಮ್ಮ ಕೂಲಿ ಹೆಣ್ಣಮಕ್ಕಳು ಹತ್ತಿ ಹೊರಿ ಹೊತ್ತು ಓಡಾಡತಾರಲ್ರಿ, ಅವರದು ಜಾರೂದಿಲ್ಲೇನ್ರಿ?”

ಎದೆಗೆ ಹಚ್ಚುವ ನಂಬರು ಕೊಡಲಿಲ್ಲ. ನಂಬರಿಲ್ಲದೆಯೇ ಗಂಡಸರ ಹಿಂದೆ ನಿಂತಳು, ಓಢಣಿಯನ್ನು ಸೊಂಟಕ್ಕೆ ಬಿಗಿದು. ಮುಂದಿದ್ದವರು ಹೊಸ ಬೂಟು ಮೆಟ್ಟಿ, ಫೋಟೋದವನು ಕಣ್ಣಿಗೆ ಕಾಣುತ್ತಿರುವತನಕ ಗಾಳಿಯಂತೆ ಓಡಿದರು. ಡಂಬಳ ಬರುವುದರೊಳಗೆ ಅವರಲ್ಲಿ ಅರ್ಧ ಮಂದಿ ಬೇವಿನ ಗಿಡದ ನೆರಳಲ್ಲಿ ಬಿದ್ದಿದ್ದರು. ಅಧ್ಯಕ್ಷನ ಜೀಪು ಅವಳ ಮಗ್ಗುಲಿಗೆ ಬಂತು.

“ಜೀಪ್ ಹತ್ತ. ಮಂದಿ ನಗಾಕತ್ತಾರ.”

“ಜೀಪ್ ಸ್ವಲ್ಪ ಹಿಂದ ತಗೀರಿ. ನಿಮ್ಮ ಹೊಗಿ ಕುಡಕೊಂತ ಓಡಾಕ ಆಗವಲ್ದು.”

ಬೆಟಗೇರಿಯ ಪೆಂಡಾಲು ಮುಟ್ಟಿದಾಗ ಅವಳಿಗಿಂತ ಮುಂಚೆ ಬಂದವರು ಐದೇ ಜನ. ಆದರೂ ಓಟ ಮುಗಿಯುವಲ್ಲಿ ಕಟ್ಟಿದ್ದ ರಿಬ್ಬನ್ ಆಗಲೇ ಸುತ್ತಿಟ್ಟಿದ್ದರು. ಸಮಿತಿ ಊಟಕ್ಕೆ ಕುಳಿತಿತ್ತು. ಹೆಸರು ಬರೆಯುವವನು ಅವಳ ಮುಖ ನೋಡುತ್ತಲೇ ಪೆನ್ನಿಗೆ ಟೋಪಿ ಹಾಕಿದ. ಎದುರು ಮನೆಯ ನೇಕಾರ ಹೆಂಗಸು ಅನ್ನಪೂರ್ಣವ್ವ ಮಗ್ಗ ಬಿಟ್ಟು ನೀರು ತಂದು ಕೊಟ್ಟಳು.

“ಎಲ್ಲಿಂದ ಓಡಿ ಬಂದಿಯವ್ವಾ?”

“ಮುಂಡರಗಿಯಿಂದ್ರಿ.”

“ಯಾಕ, ಬಸ್ ತಪ್ಪಿತೇನು?”

ಅಲ್ಮಾಸಬಿ ನಕ್ಕಳು. ಅಷ್ಟು ಮಂದಿಯಲ್ಲಿ ಮನುಷ್ಯರ ಮಾತು ಆಡಿದವಳು ಅನ್ನಪೂರ್ಣವ್ವ ಒಬ್ಬಳೇ. ಮರುದಿನದ ಪತ್ರಿಕೆಯಲ್ಲಿ ರಂಗೋಲಿ ಗೆದ್ದವಳ ಫೋಟೋ ಬಂತು.

ಮುಂದಿನ ಚಳಿಗಾಲ ಪುಣೆಯ ಮ್ಯಾರಥಾನಿಗೆ ಹೋದಳು. ಅಲ್ಲಿ ಹೆಣ್ಣುಮಕ್ಕಳಿಗೂ ನಂಬರು ಇತ್ತು. ತಾಯಿ ಖಾತುನಬಿ ರೊಟ್ಟಿ ಗಂಟಿನೊಂದಿಗೆ ಓಟ ಮುಗಿಯುವಲ್ಲಿ ಕುಳಿತಿದ್ದಳು. ಆ ಸಲ ಏಳನೆಯವಳು, ಮರುವರ್ಷ ಮೂರನೆಯವಳು, ಆಮೇಲೆ ಬೆಳಗಾವಿಯಲ್ಲಿ ಮೊದಲನೆಯವಳು. ಜಿಲ್ಲೆಯ ಬೇರೆ ಯಾವ ಹೆಣ್ಣೂ ಆವರೆಗೆ ಅಷ್ಟು ದೂರ ಓಡಿದ್ದಿಲ್ಲ. ಮುಂಡರಗಿಯ ಕಟ್ಟೆಯ ಮೇಲೆ ಕುಳಿತವರು ಮಾತ್ರ ಅವಳು ಹಾಕಿದ ಚಡ್ಡಿ ಎಷ್ಟು ಗಿಡ್ಡ ಎಂಬುದರ ಲೆಕ್ಕದಲ್ಲೇ ಇದ್ದರು. ಎದ್ದು ನಾಲ್ಕು ಹೆಜ್ಜೆ ನಡೆದು ಗೊತ್ತಿಲ್ಲದವರಿಗೆ ಬೇರೆ ಏನು ತಿಳಿಯಬೇಕು?

ಲಕ್ಷ್ಮೇಶ್ವರದ ಬೇಕರಿಯ ಶಾಕೀರ ಹೆಣ್ಣು ನೋಡಲು ಬಂದಾಗ, “ಓಡೂದು ಬಿಡಂಗಿಲ್ಲ ನೋಡ್ರಿ” ಎಂದಳು.

“ನಾ ನಸುಕಿನಾಗ ಭಟ್ಟಿ ಹಚ್ಚತೇನಿ. ನೀ ಓಡಿ ಬಾ, ಬಿಸಿ ಬ್ರೆಡ್ ಇರತೈತಿ” ಎಂದ ಅವನು.

ಪುಂಡಲೀಕಪ್ಪನ ವೈದ್ಯಶಾಸ್ತ್ರಕ್ಕೆ ಮರ್ಯಾದೆ ಕೊಡದೆ ಎರಡು ಮಕ್ಕಳೂ ಆದವು. ಮೂವತ್ತಾರರಲ್ಲಿ ಮುಂಬಯಿಯ ಓಟದ ನಡುವೆ ಎಡ ಮೊಣಕಾಲು ಕೈಕೊಟ್ಟಿತು. ಉಳಿದ ದಾರಿ ಕುಂಟುತ್ತಲೇ ಮುಗಿಸಿದಳು. ಆಮೇಲೆ ಫುಟ್‌ಪಾತಿನ ಮೇಲೆ ಕುಳಿತು ಅತ್ತಳು. ಅವಳು ಅತ್ತದ್ದನ್ನು ಕಂಡವನು ಶಾಕೀರನೊಬ್ಬನೇ.

ಜಿಲ್ಲೆಗೆ ಇಪ್ಪತ್ತೈದು ತುಂಬಿದಾಗ ಶಿರಹಟ್ಟಿಯ ಸರ್ಕಲ್ಲಿನಲ್ಲಿ ಬ್ಯಾನರು ಎದ್ದಿತು: ‘ಜಿಲ್ಲೆಯ ಹೆಮ್ಮೆಯ ಪುತ್ರಿ ಅಲ್ಮಾಸಬಿ ಅವರಿಗೆ ಸನ್ಮಾನ’. ಸುತ್ತ ಹದಿನೆಂಟು ಮುಖಂಡರ ಮುಖ, ನಡುವೆ ಅಂಗೈಯಗಲದಲ್ಲಿ ಓಡುತ್ತಿರುವ ಹೆಣ್ಣು. ಅವಳನ್ನು ಯಾರೂ ಕೇಳಿರಲಿಲ್ಲ. ಅವಳನ್ನು ಹಿಂದೆ ಕೂರಿಸಿಕೊಂಡು ಅತ್ತ ಹೊರಟಿದ್ದ ಶಾಕೀರ ಸ್ಕೂಟರ್ ನಿಲ್ಲಿಸಿ ಕಣ್ಣು ಕಿರಿದು ಮಾಡಿದ.

“ಇದು ನೀ ಅಲ್ಲಲಾ! ಯಾವಾಕಿದೋ ಫೋಟೋ ಹಾಕ್ಯಾರ. ಫೋನ್ ಹಚ್ಚಲೇನು?”

“ಬ್ಯಾಡ. ಸಾಲಾಗಿ ಕುಂತ ಹದಿನೆಂಟು ಮಂದ್ಯಾಗ ಒಬ್ಬರಿಗೂ ನನ್ನ ಮುಖ ಗೊತ್ತಿಲ್ಲ, ಚೊಲೋನ ಆತು” ಎಂದು ಅವಳು ಬ್ಯಾನರಿನ ಹತ್ತಿರ ಹೋಗಿ ಆ ಗುರುತಿಲ್ಲದ ಹೆಂಗಸನ್ನು ಬಹಳ ಹೊತ್ತು ನೋಡಿದಳು.

“ಯಾರಾಕಿನೋ ಏನೋ. ಪಾದ ಹೆಂಗ ಇಟ್ಟಾಳ ನೋಡು. ಇಕಿ ಖರೇನ ಓಡಾಕಿ.”